ಮೆಟಾವನ್ನು ಒಂದೇ ಡೆಕ್ ಆಳುತ್ತಿರುವಾಗ ಯಾವ ದಾರಿ ಹಿಡಿಯುವುದು?

ಕಾರ್ಡ್ ಆಟಗಳಲ್ಲಿ ಆ ಹೊತ್ತಿಗೆ ಜನ ಆಡುತ್ತಿರುವ ಡೆಕ್‌ಗಳ (ತಾವೇ ಆರಿಸಿ ಜೋಡಿಸಿದ ಕಾರ್ಡ್ ಕಟ್ಟುಗಳ) ಒಟ್ಟು ಚಿತ್ರವೇ ಮೆಟಾ. ಟೂರ್ನಮೆಂಟ್ ಮೇಲೆ ಟೂರ್ನಮೆಂಟ್ ಒಂದೇ ಡೆಕ್ ಗೆಲ್ಲುತ್ತಾ ಹೋದಾಗ ಉಳಿದವರ ಮುಂದೆ ನಾಲ್ಕು ದಾರಿಗಳಿರುತ್ತವೆ. ನೀವೂ ಅದೇ ಡೆಕ್ ಆಡಬಹುದು. ಈಗಿರುವ ಡೆಕ್ಕನ್ನೇ ಇಟ್ಟುಕೊಂಡು ಅದರಲ್ಲಿ ನಾಲ್ಕಾರು ಕೌಂಟರ್ ಕಾರ್ಡ್ (ಆ ಡೆಕ್‌ನ ಆಟ ಕೆಡಿಸುವ ಕಾರ್ಡ್) ಸೇರಿಸಬಹುದು. ಆ ಡೆಕ್ಕನ್ನು ಮಣಿಸುವುದಕ್ಕೆಂದೇ ಬೇರೆ ಡೆಕ್ ಕಟ್ಟಬಹುದು. ಇಲ್ಲಾ, ಅದನ್ನು ಬೇಟೆಯಾಡಲು ಬರುವವರನ್ನು ನೀವು ಬೇಟೆಯಾಡಬಹುದು.

ಯಾವುದು ಸರಿ ಅನ್ನುವುದು ಮೂರು ವಿಷಯಗಳ ಮೇಲೆ ನಿಂತಿದೆ. ನೀವು ಆಡಲು ಹೋಗುವ ಕಡೆ ಆ ಡೆಕ್ ಎಷ್ಟು ಜನರ ಕೈಯಲ್ಲಿದೆ? ನಿಮ್ಮ ಆಟದಲ್ಲಿ ಸೈಡ್‌ಬೋರ್ಡ್ (ಪಂದ್ಯದ ಆಟಗಳ ನಡುವೆ ಡೆಕ್‌ಗೆ ಬದಲಿಸಿಕೊಳ್ಳಲು ಪಕ್ಕದಲ್ಲಿಡುವ ಕಾರ್ಡ್‌ಗಳು) ಇದೆಯೋ ಇಲ್ಲವೋ? ಕೌಂಟರ್ ಕಾರ್ಡ್ ಬಿದ್ದ ಮೇಲೆ ಸಿಗುವ ಎರಡು ಮೂರು ಟರ್ನ್‌ಗಳಲ್ಲಿ ನೀವು ಮಾಡುವುದೇನು? ಮೊದಲಿನ ಎರಡನ್ನು ಎಲ್ಲರೂ ಯೋಚಿಸುತ್ತಾರೆ. ಮೂರನೆಯದನ್ನು ಯೋಚಿಸದೆ ಕಟ್ಟಿದ ಡೆಕ್‌ಗಳೇ ಜಾಸ್ತಿ. ಎದುರಾಳಿಯ ಪ್ಲಾನ್ ಮುರಿಯುವ ತನಕ ಚೆನ್ನಾಗಿಯೇ ಆಡುತ್ತವೆ, ಆಮೇಲೆ ಗೆಲ್ಲುವ ದಾರಿ ಸಿಗದೆ ಒದ್ದಾಡುತ್ತವೆ.

ಉದಾಹರಣೆಗಳನ್ನು ಮ್ಯಾಜಿಕ್, ಯು-ಗಿ-ಓ, ಪೋಕೆಮಾನ್ ಅನ್ನುವ ಮೂರು ಕಾರ್ಡ್ ಆಟಗಳಿಂದಲೂ ತೆಗೆದುಕೊಂಡಿದ್ದೇನೆ. ಮ್ಯಾಜಿಕ್‌ಗೆ ಜಾಗ ಸ್ವಲ್ಪ ಜಾಸ್ತಿಯೇ ಸಿಕ್ಕಿದೆ. 2019ರ ಬೇಸಿಗೆಯಲ್ಲಿ ಅಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ

ಸುಲಭಕ್ಕೆ ಅಂದಾಜು ಅಂಕಿಗಳನ್ನು ಇಟ್ಟುಕೊಳ್ಳೋಣ. ಮೆಟಾ ಆಳುತ್ತಿರುವ ಡೆಕ್ ತನ್ನಂಥದೇ ಡೆಕ್ ಎದುರು ಶೇ. 50, ಉಳಿದ ಎಲ್ಲದರ ಎದುರು ಶೇ. 55 ಗೆಲ್ಲುತ್ತದೆ ಅಂದುಕೊಳ್ಳಿ. ನೀವು ಕಟ್ಟಿದ ಕೌಂಟರ್ ಡೆಕ್ ಅದರ ಎದುರು ಶೇ. 65 ಗೆಲ್ಲುತ್ತದೆ. ಆದರೆ ಉಳಿದವರ ಎದುರು ಶೇ. 45 ಮಾತ್ರ. ಕೌಂಟರ್ ಡೆಕ್‌ಗಳ ಹಣೆಬರಹ ಸಾಮಾನ್ಯವಾಗಿ ಹೀಗೇ ಇರುತ್ತದೆ, ಅಲ್ವಾ? ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳುತ್ತವೆ.

ಆಡಲು ಬಂದವರಲ್ಲಿ ಶೇ. 30 ಜನ ಆ ಡೆಕ್ ಹಿಡಿದಿದ್ದರೆ ಕೌಂಟರ್ ಡೆಕ್‌ನ ಒಟ್ಟು ಗೆಲುವು ಶೇ. 51. ಅದೇ ಡೆಕ್ಕನ್ನೇ ನೀವೂ ಆಡಿದ್ದರೆ ಶೇ. 53.5. ಅಂದರೆ ಇಷ್ಟೆಲ್ಲ ತಲೆ ಕೆಡಿಸಿಕೊಂಡು ಕಟ್ಟಿದ ಡೆಕ್ ನಷ್ಟವನ್ನೇ ತಂದಿತು. ಶೇ. 50 ಜನ ಅದನ್ನು ಆಡುತ್ತಿದ್ದರೆ ಲೆಕ್ಕ ತಿರುಗುತ್ತದೆ: ಕೌಂಟರ್‌ಗೆ ಶೇ. 55, ಅದೇ ಡೆಕ್‌ಗೆ ಶೇ. 52.5. ಎರಡೂ ಸರಿಸಮ ಆಗುವುದು ಶೇ. 40ರ ಹತ್ತಿರ. ನಿಮ್ಮ ಅಂಕಿಗಳು ಬೇರೆ ಇರಬಹುದು, ಗಡಿ ಆಚೀಚೆ ಆಗಬಹುದು. ಆದರೆ ಗಡಿ ಅಂತ ಒಂದು ಇರುತ್ತದೆ. ಸಾಮಾನ್ಯವಾಗಿ ಅದು ಜನ ಅಂದುಕೊಂಡದ್ದಕ್ಕಿಂತ ಮೇಲೆಯೇ ಇರುತ್ತದೆ. "ಎಲ್ಲರೂ ಅದನ್ನೇ ಆಡ್ತಿದ್ದಾರೆ" ಅನ್ನುವ ಮಾತು ಕೇಳಿದಾಗಲೆಲ್ಲ ಎಣಿಸಿ ನೋಡಿ. ಬಹಳ ಸಲ ಆ "ಎಲ್ಲರೂ" ನಾಲ್ವರಲ್ಲಿ ಒಬ್ಬರು ಮಾತ್ರ.

ಇನ್ನೊಂದು ವಿಷಯ. ಸ್ವಿಸ್ ಪದ್ಧತಿಯ ಟೂರ್ನಮೆಂಟ್‌ನಲ್ಲಿ ಗೆದ್ದವರಿಗೆ ಗೆದ್ದವರೇ ಎದುರಾಗುತ್ತಾರೆ. ಒಳ್ಳೆಯ ಡೆಕ್ ಮೇಲಿನ ಟೇಬಲ್‌ಗಳಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಎರಡು ಸುತ್ತಿನಲ್ಲಿ ಅದು ಕಾಣಿಸದೇ ಇದ್ದರೂ ಆರನೇ ಸುತ್ತಿನಲ್ಲಿ ಸಾಲಾಗಿ ಸಿಗಬಹುದು. ಕೌಂಟರ್ ಡೆಕ್‌ಗೆ ಇದು ವರವೂ ಹೌದು, ಶಾಪವೂ ಹೌದು. ಮೇಲಿನ ಟೇಬಲ್ ತಲುಪಿದರೆ ಹಬ್ಬ. ಆದರೆ ತಲುಪುವ ಮೊದಲು ಯಾವ ಯಾವುದೋ ಡೆಕ್‌ಗಳನ್ನು ಶೇ. 45ರ ಬಲದಲ್ಲಿ ದಾಟಬೇಕು.

2019ರ ಹೋಗಾಕ್

ಮ್ಯಾಜಿಕ್‌ನ ಮಾಡರ್ನ್ ಹೊರೈಜನ್ಸ್ ಸೆಟ್ (ಹೊಸ ಕಾರ್ಡ್‌ಗಳ ಕಂತು) 2019ರ ಜೂನ್‌ನಲ್ಲಿ ಬಂತು. ಅದರಲ್ಲಿದ್ದ ಹೋಗಾಕ್ ಅನ್ನುವ 8/8 (ಹೊಡೆತ 8, ತಾಳಿಕೆ 8) ಕ್ರೀಚರ್ ಬೆಲೆ ಏಳು ಮಾನಾ (ಕಾರ್ಡ್ ಆಡಲು ತೆರುವ ಶಕ್ತಿ), ಆದರೆ ಆ ಬೆಲೆಯನ್ನು ಮಾನಾದಿಂದ ಕಟ್ಟುವ ಹಾಗೇ ಇಲ್ಲ. ನಿಮ್ಮ ಕ್ರೀಚರ್‌ಗಳನ್ನು ಟ್ಯಾಪ್ ಮಾಡಿ (ಬಳಸಿದ ಗುರುತಿಗೆ ಅಡ್ಡ ತಿರುಗಿಸಿ), ಗ್ರೇವ್‌ಯಾರ್ಡ್‌ನಿಂದ (ಬಳಸಿದ, ಸತ್ತ ಕಾರ್ಡ್‌ಗಳ ರಾಶಿಯಿಂದ) ಕಾರ್ಡ್‌ಗಳನ್ನು ಎಕ್ಸೈಲ್ ಮಾಡಿ (ಆಟದಿಂದಲೇ ಹೊರಗಿಟ್ಟು) ಕಟ್ಟಬೇಕು. ಮೇಲಾಗಿ ಅದನ್ನು ಗ್ರೇವ್‌ಯಾರ್ಡ್‌ನಿಂದಲೇ ಕಾಸ್ಟ್ ಮಾಡಬಹುದು, ಅಂದರೆ ಆಡಬಹುದು. ಕಪ್ಪು ಅಥವಾ ಹಸಿರು ಬಣ್ಣದ ಎರಡು ಪುಟ್ಟ ಕ್ರೀಚರ್, ಗ್ರೇವ್‌ಯಾರ್ಡ್‌ನಲ್ಲಿ ಐದು ಕಾರ್ಡ್, ಅಷ್ಟಿದ್ದರೆ ಎರಡನೇ ಟರ್ನ್‌ಗೆ 8/8 ಬಂದು ನಿಲ್ಲುತ್ತಿತ್ತು. ಜುಲೈನಲ್ಲಿ ಈ ಡೆಕ್‌ನ ಜೊತೆಗಾರ ಬ್ರಿಜ್ ಫ್ರಮ್ ಬಿಲೋ ಕಾರ್ಡನ್ನು ಬ್ಯಾನ್ ಮಾಡಿದರು. ಡೆಕ್ ಬಗ್ಗಲಿಲ್ಲ. ಆಗಸ್ಟ್ ಕೊನೆಯಲ್ಲಿ ಹೋಗಾಕ್ ಮತ್ತು ಫೇತ್‌ಲೆಸ್ ಲೂಟಿಂಗ್ ಎರಡನ್ನೂ ಬ್ಯಾನ್ ಮಾಡಬೇಕಾಯಿತು.

ಆ ನಡುವಿನ ವಾರಗಳಲ್ಲಿ ಜನ ಗ್ರೇವ್‌ಯಾರ್ಡ್ ಕೌಂಟರ್‌ಗಳನ್ನು ಸೈಡ್‌ಬೋರ್ಡ್‌ನಿಂದ ಎತ್ತಿ ಮೇನ್ ಡೆಕ್‌ನಲ್ಲೇ ಇಟ್ಟು ಆಡಿದರು. ಮುಂದಿನ ಹೋಲಿಕೆಗೆ ಆ ಕಾರ್ಡ್‌ಗಳೇ ಸಾಕು. ಗ್ರೇವ್‌ಯಾರ್ಡ್ ಬಳಸುವ ಯಾವುದೇ ಡೆಕ್ ಎದುರು ಇವು ಇವತ್ತಿಗೂ ಅನ್ವಯಿಸುತ್ತವೆ.

ಲೇಲೈನ್ ಆಫ್ ದ ವಾಯ್ಡ್ ಮೊದಲ ಕೈಯಲ್ಲೇ ಬಂದರೆ ಪುಕ್ಕಟೆ, ಆಟ ಶುರುವಾಗುವ ಮೊದಲೇ ಟೇಬಲ್ ಮೇಲೆ ಕೂರುತ್ತದೆ. ಎದುರಾಳಿಯ ಕಾರ್ಡ್‌ಗಳು ಗ್ರೇವ್‌ಯಾರ್ಡ್‌ಗೆ ಹೋಗುವುದೇ ಇಲ್ಲ, ಸೀದಾ ಎಕ್ಸೈಲ್. ನಿಮ್ಮ ಗ್ರೇವ್‌ಯಾರ್ಡ್‌ಗೆ ತೊಂದರೆಯಿಲ್ಲ. ತೊಂದರೆ ಇರುವುದು ಬೇರೆ ಕಡೆ. 60 ಕಾರ್ಡಿನಲ್ಲಿ ನಾಲ್ಕು ಪ್ರತಿ ಇಟ್ಟರೂ ಮೊದಲ ಏಳರಲ್ಲಿ ಒಂದಾದರೂ ಬರುವ ಸಾಧ್ಯತೆ ಶೇ. 40 ಮಾತ್ರ. ಆ ವರ್ಷದ ಜುಲೈನಲ್ಲಿ ಜಾರಿಗೆ ಬಂದ ಲಂಡನ್ ಮಲಿಗನ್ (ಇಷ್ಟವಾಗದ ಮೊದಲ ಕೈಯನ್ನು ಬದಲಿಸುವ ನಿಯಮ) ಇದಕ್ಕೆ ಸ್ವಲ್ಪ ಸಹಾಯ ಮಾಡಿತು. ಪ್ರತಿ ಸಲವೂ ಏಳು ಕಾರ್ಡ್ ನೋಡಿ, ಬೇಡವಾದದ್ದನ್ನು ಕೆಳಗೆ ಹಾಕುವುದರಿಂದ, ಒಮ್ಮೆ ಮಲಿಗನ್ ಮಾಡಲು ತಯಾರಿದ್ದರೆ ಶೇ. 64, ಎರಡು ಸಲವಾದರೆ ಶೇ. 78. ಆದರೆ ಎರಡನೇ ಮಲಿಗನ್ ಆದ ಮೇಲೆ ಕೈಯಲ್ಲಿ ಉಳಿಯುವುದು ಐದೇ ಕಾರ್ಡ್, ಅದರಲ್ಲೊಂದು ಲೇಲೈನ್. ಉಳಿದ ನಾಲ್ಕರಲ್ಲಿ ಆಟ ಗೆಲ್ಲಬೇಕು. ನಡುವೆ ಬಂದ ಎರಡನೇ ಲೇಲೈನ್ ನಾಲ್ಕು ಮಾನಾದ ಹೆಚ್ಚು ಕಡಿಮೆ ಸತ್ತ ಕಾರ್ಡ್.

ರೆಸ್ಟ್ ಇನ್ ಪೀಸ್ ಎರಡು ಮಾನಾ. ಯಾವಾಗ ಬಂದರೂ ಉಪಯೋಗ, ಏಕೆಂದರೆ ಬಂದ ಕೂಡಲೇ ಆಗಲೇ ತುಂಬಿರುವ ಗ್ರೇವ್‌ಯಾರ್ಡ್‌ಗಳನ್ನೂ ಗುಡಿಸುತ್ತದೆ. ಲೇಲೈನ್‌ಗೆ ಆ ಶಕ್ತಿಯಿಲ್ಲ. ಆದರೆ ಎದುರಾಳಿ ಮೊದಲು ಆಡಿ ಎರಡನೇ ಟರ್ನ್‌ಗೇ ಹೋಗಾಕ್ ಇಳಿಸಿದರೆ ನಿಮ್ಮ ರೆಸ್ಟ್ ಇನ್ ಪೀಸ್ ಬರುವುದು ಆಮೇಲೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇದು ಎರಡೂ ಕಡೆಯ ಗ್ರೇವ್‌ಯಾರ್ಡ್‌ಗೆ ಅನ್ವಯ. ಹಾಗಾಗಿ ಸ್ನ್ಯಾಪ್‌ಕಾಸ್ಟರ್ ಮೇಜ್‌ನಂಥ, ನಿಮ್ಮದೇ ಗ್ರೇವ್‌ಯಾರ್ಡ್ ಬಳಸುವ ಕಾರ್ಡ್ ಇರುವ ಡೆಕ್‌ನಲ್ಲಿ ಇದನ್ನು ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಟಾರ್ಮಾಡ್ಸ್ ಕ್ರಿಪ್ಟ್ ಸೊನ್ನೆ ಮಾನಾ, ಒಂದೇ ಸಲದ ಹೊಡೆತ. ಸುಲಭವಾಗಿ ಕಾಣುತ್ತದೆ, ಆದರೆ ಬಳಸುವವರಲ್ಲಿ ಅರ್ಧ ಜನ ತಪ್ಪು ಹೊತ್ತಿನಲ್ಲಿ ಬಳಸುತ್ತಾರೆ. ಎದುರಾಳಿ ಹೋಗಾಕ್ ಕಾಸ್ಟ್ ಮಾಡಿದ ಮೇಲೆ ಕ್ರಿಪ್ಟ್ ಒಡೆದು ಪ್ರಯೋಜನವಿಲ್ಲ. ಅಷ್ಟೊತ್ತಿಗೆ ಎಕ್ಸೈಲ್ ಮಾಡಬೇಕಾದ ಕಾರ್ಡ್‌ಗಳನ್ನು ಅವನು ಬೆಲೆಯಾಗಿ ಕಟ್ಟಿ ಮುಗಿಸಿರುತ್ತಾನೆ.

ಸರ್ಜಿಕಲ್ ಎಕ್ಸ್‌ಟ್ರ್ಯಾಕ್ಷನ್ ವಿಷಯ ಇನ್ನೂ ಸೂಕ್ಷ್ಮ. ಎರಡು ಲೈಫ್ ಕೊಟ್ಟು ಗ್ರೇವ್‌ಯಾರ್ಡ್‌ನಲ್ಲಿರುವ ಒಂದು ಕಾರ್ಡ್ ಹಿಡಿದು, ಅದರ ಎಲ್ಲ ಪ್ರತಿಗಳನ್ನೂ ಡೆಕ್‌ನಿಂದ ಕಿತ್ತುಹಾಕುವ ಕಾರ್ಡ್ ಇದು. ಕಾಗದದ ಮೇಲೆ ನೋಡಿದರೆ ಹೋಗಾಕ್‌ಗೆ ಹೇಳಿ ಮಾಡಿಸಿದ ಹಾಗಿದೆ. ಆಟದಲ್ಲಿ ಆಗುವುದೇ ಬೇರೆ. ಎದುರಾಳಿಯ ಸ್ಟಿಚರ್ಸ್ ಸಪ್ಲಾಯರ್ ಬಂದು ಡೆಕ್‌ನ ಮೇಲಿನ ಮೂರು ಕಾರ್ಡ್‌ಗಳನ್ನು ಗ್ರೇವ್‌ಯಾರ್ಡ್‌ಗೆ ಹಾಕಿತು, ಅದರಲ್ಲಿ ಹೋಗಾಕ್ ಇತ್ತು ಅನ್ನಿ. ಆ ಎಫೆಕ್ಟ್ ಮುಗಿದ ಕ್ಷಣಕ್ಕೆ ಪ್ರಯಾರಿಟಿ (ಮುಂದಿನ ನಡೆ ಮಾಡುವ ಹಕ್ಕು) ಸಿಗುವುದು ಟರ್ನ್ ನಡೆಸುತ್ತಿರುವವನಿಗೆ. ಅವನ ಹತ್ತಿರ ಎರಡು ಕ್ರೀಚರ್ ಮತ್ತು ಗ್ರೇವ್‌ಯಾರ್ಡ್‌ನಲ್ಲಿ ಇನ್ನೈದು ಕಾರ್ಡ್ ಇದ್ದರೆ ಅಲ್ಲಿಯೇ ಕಾಸ್ಟ್ ಮಾಡುತ್ತಾನೆ. ಹೋಗಾಕ್ ಗ್ರೇವ್‌ಯಾರ್ಡ್ ಬಿಟ್ಟು ಸ್ಟ್ಯಾಕ್ (ಆಡಿದ ಕಾರ್ಡ್ ಜಾರಿಯಾಗಲು ಕಾಯುವ ಜಾಗ) ಮೇಲೆ ಹೋಗಿಬಿಡುತ್ತದೆ. ನಿಮ್ಮ ಕೈಗೆ ಪ್ರಯಾರಿಟಿ ಬರುವಷ್ಟರಲ್ಲಿ ಹಿಡಿಯಲು ಅಲ್ಲಿ ಏನೂ ಇಲ್ಲ. ನಡುವೆ ನುಗ್ಗಲು ಸಂದಿಯೇ ಇಲ್ಲ ಅಂತಾಯಿತು. ಅವನ ಬಳಿ ಕ್ರೀಚರ್ ಕಡಿಮೆ ಇರುವಾಗ ಮಾತ್ರ ಸರ್ಜಿಕಲ್ ಕೆಲಸ ಮಾಡುತ್ತದೆ. ನನ್ನ ಲೆಕ್ಕದಲ್ಲಿ ಈ ಡೆಕ್ ಎದುರು ಇದು ಕೊನೆಯ ಆಯ್ಕೆ. ಗುಡಿಸುವ ಕಾರ್ಡ್‌ಗಳಿಗೆ ಜೊತೆಯಾಗಿ ಒಂದೆರಡು ಇಟ್ಟರೆ ಸರಿ, ಒಂಟಿಯಾಗಿ ನಂಬುವಂತಿಲ್ಲ.

ಗ್ರಾಫ್‌ಡಿಗರ್ಸ್ ಕೇಜ್ ಒಂದು ಮಾನಾ. ಗ್ರೇವ್‌ಯಾರ್ಡ್‌ನಿಂದ ಕಾಸ್ಟ್ ಮಾಡುವುದನ್ನೂ, ಅಲ್ಲಿಂದ ಕ್ರೀಚರ್ ಮೇಲೆದ್ದು ಬರುವುದನ್ನೂ ತಡೆಯುತ್ತದೆ, ಗ್ರೇವ್‌ಯಾರ್ಡನ್ನು ಮಾತ್ರ ಮುಟ್ಟುವುದಿಲ್ಲ. ಅವನು ಗ್ರೇವ್‌ಯಾರ್ಡ್ ತುಂಬಿಸಿಕೊಂಡು ಕೂರುತ್ತಾನೆ. ಕೇಜ್ ಒಡೆದ ದಿನ ಎಲ್ಲವೂ ಒಟ್ಟಿಗೆ ಬೀಳುತ್ತದೆ. ಅಗ್ಗದ ಕಾರ್ಡ್, ಅಷ್ಟೇ ಅಪಾಯದ್ದು.

ಸಿಕ್ಕ ಟರ್ನ್‌ಗಳಲ್ಲಿ ಏನು ಮಾಡುತ್ತೀರಿ?

ಈ ಯಾವ ಕಾರ್ಡೂ ಆಟ ಗೆಲ್ಲಿಸುವುದಿಲ್ಲ. ಟರ್ನ್ ಕೊಡಿಸುತ್ತವೆ, ಅಷ್ಟೇ. ಎದುರಾಳಿಗೂ ಸೈಡ್‌ಬೋರ್ಡ್ ಇದೆಯಲ್ಲ. ನೀವು ಲೇಲೈನ್ ತರುತ್ತೀರಿ ಅಂತ ಗೊತ್ತಿದ್ದೇ ನೇಚರ್ಸ್ ಕ್ಲೇಮ್, ಅಸಾಸಿನ್ಸ್ ಟ್ರೋಫಿ, ಫೋರ್ಸ್ ಆಫ್ ವಿಗರ್‌ನಂಥ, ಅದನ್ನು ಒಡೆಯುವ ಕಾರ್ಡ್ ತಂದಿರುತ್ತಾನೆ. ಕೊನೆಯದನ್ನಂತೂ ನಿಮ್ಮ ಟರ್ನ್‌ನಲ್ಲಿ ಮಾನಾ ಇಲ್ಲದೆಯೇ, ಕೈಯಲ್ಲಿರುವ ಇನ್ನೊಂದು ಹಸಿರು ಕಾರ್ಡ್ ಎಕ್ಸೈಲ್ ಮಾಡಿ ಆಡಬಹುದು. ಅದು ಅವನ ಕೈಗೆ ಬರಲು ಎರಡು ಮೂರು ಟರ್ನ್ ಬೇಕು ಅಂದುಕೊಳ್ಳಿ. ನೀವು ಕೊಂಡುಕೊಂಡದ್ದು ಅಷ್ಟು ಹೊತ್ತು ಮಾತ್ರ.

ಇಲ್ಲಿಯೇ ಎರಡನೇ ದಾರಿಗೂ ಮೂರನೇ ದಾರಿಗೂ ವ್ಯತ್ಯಾಸ ಕಾಣುವುದು. ನಾಲ್ಕನೇ ಟರ್ನ್‌ಗೆ ಎದುರಾಳಿಯನ್ನು ಮುಗಿಸಬಲ್ಲ ಬರ್ನ್‌ನಂಥ ವೇಗದ ಡೆಕ್‌ಗೆ ಮೂರು ಟರ್ನ್ ಅಂದರೆ ಆಟವೇ ಸಿಕ್ಕಿದ ಹಾಗೆ. ಹನ್ನೆರಡನೇ ಟರ್ನ್‌ಗೆ ಗೆಲ್ಲುವ ನಿಧಾನದ ಕಂಟ್ರೋಲ್ ಡೆಕ್‌ಗೆ ಅದೇ ಮೂರು ಟರ್ನ್ ಯಾವ ಮೂಲೆಗೂ ಸಾಲದು. ಕಂಟ್ರೋಲ್‌ನಲ್ಲಿ ಕೌಂಟರ್ ಕಾರ್ಡ್ ಜೊತೆಗೆ ಎರಡನೇ ಗೋಡೆ ಬೇಕು: ಹೋಗಾಕ್ ಬಂದರೂ ಎಕ್ಸೈಲ್ ಮಾಡುವ ಪಾತ್ ಟು ಎಕ್ಸೈಲ್, ಎಲ್ಲವನ್ನೂ ಗುಡಿಸುವ ಸುಪ್ರೀಮ್ ವರ್ಡಿಕ್ಟ್. ಎರಡರಲ್ಲಿ ಆರಿಸಿ ಅಂದರೆ ನಾನು ಏಳು ಕೌಂಟರ್ ಇಟ್ಟ ನಿಧಾನದ ಡೆಕ್‌ಗಿಂತ ನಾಲ್ಕು ಕೌಂಟರ್ ಇಟ್ಟ ವೇಗದ ಡೆಕ್ಕನ್ನೇ ಹಿಡಿಯುತ್ತೇನೆ.

ಹಾಗಾಗಿ ಕೌಂಟರ್ ಕಾರ್ಡ್ ಆರಿಸುವ ಮೊದಲು ನಿಮ್ಮ ಡೆಕ್ ಯಾರೂ ತಡೆಯದಿದ್ದರೆ ಎಷ್ಟನೇ ಟರ್ನ್‌ಗೆ ಗೆಲ್ಲುತ್ತದೆ ಅಂತ ಒಂಟಿಯಾಗಿ ಕೂತು ಆಡಿ ನೋಡಿ. ಅದು ಐದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಲೇಲೈನ್‌ನಂಥ ಗಟ್ಟಿ ಬೀಗ ಒಂದೇ ಸಾಕು. ಎಂಟು, ಹತ್ತು ಆಗುತ್ತಿದ್ದರೆ ಬೇರೆ ಬೇರೆ ರೀತಿಯ ಕೌಂಟರ್‌ಗಳನ್ನು ಬೆರೆಸಿ ಇಡಬೇಕು. ಒಂದೇ ನೇಚರ್ಸ್ ಕ್ಲೇಮ್ ನಿಮ್ಮ ಎಲ್ಲ ಕೆಲಸವನ್ನೂ ಹಾಳು ಮಾಡಬಾರದು.

ಸೈಡ್‌ಬೋರ್ಡ್‌ನಲ್ಲಿ ಇಡುವುದೋ ಮೇನ್‌ನಲ್ಲಿ ಇಡುವುದೋ?

ಮೂರು ಆಟಗಳ ಪಂದ್ಯದಲ್ಲಿ ಸೈಡ್‌ಬೋರ್ಡ್ ಎಷ್ಟು ದೊಡ್ಡ ವಿಷಯ ಅನ್ನುವುದು ಜನರಿಗೆ ಹೊಳೆಯುವುದೇ ಇಲ್ಲ. ಮೊದಲ ಆಟದಲ್ಲಿ ನಿಮ್ಮ ಗೆಲುವು ಶೇ. 40 ಮಾತ್ರ, ಕೌಂಟರ್ ಬಂದ ಮೇಲೆ ಶೇ. 60 ಅಂತಿಟ್ಟುಕೊಳ್ಳಿ. ಇಡೀ ಪಂದ್ಯ ಗೆಲ್ಲುವ ಸಾಧ್ಯತೆ ಶೇ. 55ರಷ್ಟಾಗುತ್ತದೆ. ಮೊದಲ ಆಟವನ್ನು ಹೆಚ್ಚು ಕಡಿಮೆ ಬಿಟ್ಟುಕೊಟ್ಟರೂ ನೀವೇ ಮುಂದೆ. ಅದಕ್ಕೇ ಆ ಡೆಕ್ ಆಡುವವರ ಪಾಲು ಮೊದಲು ಲೆಕ್ಕ ಹಾಕಿದ ಶೇ. 40ರ ಗಡಿ ದಾಟದ ತನಕ ಮೇನ್ ಡೆಕ್ ಮುಟ್ಟಬೇಡಿ ಅನ್ನುತ್ತೇನೆ. ಮೇನ್‌ನಲ್ಲಿ ನಾಲ್ಕು ಲೇಲೈನ್ ಇಟ್ಟರೆ ಗ್ರೇವ್‌ಯಾರ್ಡ್ ಮುಟ್ಟದ ಡೆಕ್ ಎದುರು ನೀವು 56 ಕಾರ್ಡಿನ ಡೆಕ್ ಆಡುತ್ತಿರುತ್ತೀರಿ, ಜೊತೆಗೆ ನಾಲ್ಕು ಖಾಲಿ ಹಾಳೆ. ಒಂದೇ ಆಟದ ಪಂದ್ಯಗಳಲ್ಲಿ ಮಾತ್ರ ಈ ಮಾತು ನಡೆಯುವುದಿಲ್ಲ. ಅಲ್ಲಿ ಮೇನ್ ಬಿಟ್ಟರೆ ಬೇರೆ ಜಾಗವೇ ಇಲ್ಲ. ಹಾಗಾಗಿ ಸ್ಕ್ಯಾವೆಂಜಿಂಗ್ ಊಜ್‌ನಂಥ ಕಾರ್ಡ್ ಹುಡುಕಿ, ಗ್ರೇವ್‌ಯಾರ್ಡ್ ಇಲ್ಲದ ಕಡೆಯೂ ಅದು ಒಂದು ಕ್ರೀಚರ್ ಆಗಿಯಾದರೂ ನಿಂತಿರುತ್ತದೆ.

ಸೈಡ್‌ಬೋರ್ಡ್‌ನಿಂದ ಏನು ಒಳಗೆ ಬರುತ್ತದೆ ಅನ್ನುವುದಕ್ಕಿಂತ ಏನು ಹೊರಗೆ ಹೋಗುತ್ತದೆ ಅನ್ನುವುದು ಕಷ್ಟದ ಪ್ರಶ್ನೆ. ಎಂಟು ಕಾರ್ಡ್ ಒಳಗೆ ಬಂದರೆ ಎಂಟು ಹೊರಗೆ ಹೋಗಬೇಕು. ಆ ಎಂಟು ನಿಮ್ಮ ಗೆಲುವಿನ ದಾರಿಯ ಕಾರ್ಡ್‌ಗಳೇ ಆಗಿದ್ದರೆ ಡೆಕ್ ಎತ್ತು ಏರಿಗೆ ಕೋಣ ನೀರಿಗೆ ಅನ್ನುವಂತಾಗುತ್ತದೆ. ಮೊದಲು ಎದುರಾಳಿಯ ಎದುರು ಸತ್ತ ಕಾರ್ಡ್‌ಗಳನ್ನು ಎಣಿಸಿ. ಐದಿದ್ದರೆ ಐದೇ ಬದಲಿಸಿ. ಆರನೆಯದು ಎಷ್ಟು ಆಸೆ ಹುಟ್ಟಿಸಿದರೂ ಸೈಡ್‌ನಲ್ಲೇ ಇರಲಿ.

ಯು-ಗಿ-ಓದಲ್ಲಿ ಪ್ರಶ್ನೆಯೇ ಬೇರೆ

ಇಲ್ಲಿ ಮಾನಾ ಇಲ್ಲ. ಹಾಗಾಗಿ ಬಲವಾದ ಡೆಕ್ ಮೊದಲ ಟರ್ನ್‌ನಲ್ಲೇ ಇಡೀ ಬೋರ್ಡ್ (ಟೇಬಲ್ ಮೇಲಿನ ಕಾರ್ಡ್‌ಗಳ ಪಡೆ) ಕಟ್ಟಿಬಿಡುತ್ತದೆ. 2014ರಿಂದ ಮೊದಲು ಆಡುವವರಿಗೆ ಮೊದಲ ಡ್ರಾ ಇಲ್ಲ, ಆದರೂ ಮೊದಲು ಆಡುವುದೇ ಲಾಭ. ಕೌಂಟರ್ ಆಯ್ಕೆ ಮೂರು ಬಗೆ: ಎದುರಾಳಿಯ ಟರ್ನ್‌ನಲ್ಲೇ ಕೈಯಿಂದ ಬಿಡುವ ಹ್ಯಾಂಡ್ ಟ್ರ್ಯಾಪ್, ಅವನು ಕಟ್ಟಿದ್ದನ್ನು ಆಮೇಲೆ ಒಡೆಯುವ ಬೋರ್ಡ್ ಬ್ರೇಕರ್, ನೀವು ಮೊದಲು ಆಡಿದಾಗ ಅವನ ಕೈಕಟ್ಟುವ ಫ್ಲಡ್‌ಗೇಟ್.

ಹ್ಯಾಂಡ್ ಟ್ರ್ಯಾಪ್‌ಗೆ ಲೆಕ್ಕ ಸುಲಭ. 40 ಕಾರ್ಡಿನ ಡೆಕ್‌ನಲ್ಲಿ ಮೂರು ಪ್ರತಿ ಇಟ್ಟ ಒಂದೇ ಕಾರ್ಡ್ ಮೊದಲ ಐದರಲ್ಲಿ ಬರುವುದು ಶೇ. 34. ಹಾಗಾಗಿ ಒಂದೇ ಕಾರ್ಡನ್ನು ನಂಬುವ ಹಾಗಿಲ್ಲ, ಗುಂಪು ಕಟ್ಟಬೇಕು. ಒಟ್ಟು ಒಂಬತ್ತು ಇಟ್ಟರೆ ಒಂದಾದರೂ ಕೈಯಲ್ಲಿರುವುದು ಶೇ. 74, ಹನ್ನೆರಡಕ್ಕೆ ಶೇ. 85, ಹದಿನೈದಕ್ಕೆ ಶೇ. 92. ಒಂಬತ್ತರಿಂದ ಹನ್ನೆರಡಕ್ಕೆ ಹನ್ನೊಂದು ಅಂಕ ಸಿಕ್ಕಿತು, ಮುಂದಿನ ಮೂರಕ್ಕೆ ಏಳೇ. ಆದರೆ ಪ್ರತಿ ಸಲವೂ ನಿಮ್ಮ ಸ್ವಂತ ಪ್ಲಾನ್‌ನ ಮೂರು ಕಾರ್ಡ್ ಹೋದವು. ಸ್ವಂತ ಕಾಂಬೊ ಒಂದೇ ಕಾರ್ಡಿನಿಂದ ಶುರುವಾಗುವ ಡೆಕ್ ಆದರೆ ಹದಿನೈದನ್ನು ಹೊರಬಹುದು. ಎರಡು ಕಾರ್ಡ್ ಬೇಕಾಗುವ ಡೆಕ್ ಒಂಬತ್ತರ ಮೇಲೆ ಹೋದರೆ ತಾನೇ ಎಡವುತ್ತದೆ.

ಯಾವ ಜಾಗದಲ್ಲಿ ಹೊಡೆಯುವುದು ಅನ್ನುವುದು ಎಷ್ಟು ಇಡುವುದು ಅನ್ನುವುದಕ್ಕಿಂತ ಮುಖ್ಯ. ಆಶ್ ಬ್ಲಾಸಮ್ ಅನ್ನುವ ಹ್ಯಾಂಡ್ ಟ್ರ್ಯಾಪ್, ಎದುರಾಳಿ ಡೆಕ್‌ನಿಂದ ಕಾರ್ಡ್ ಕೈಗೆ ತರುವುದನ್ನು (ಸರ್ಚ್), ಡೆಕ್‌ನಿಂದ ಮಾನ್ಸ್ಟರ್ ಇಳಿಸುವುದನ್ನು (ಸಮನ್), ಡೆಕ್‌ನಿಂದ ಗ್ರೇವ್‌ಯಾರ್ಡ್‌ಗೆ ಕಳಿಸುವುದನ್ನು ತಡೆಯುತ್ತದೆ. ಕಂಡ ಮೊದಲ ಸರ್ಚ್‌ಗೇ ಅದನ್ನು ಎಸೆಯುವವರು ಬಹಳ. ಚೆನ್ನಾಗಿ ಆಡುವ ಎದುರಾಳಿ ಅದಕ್ಕೇ ಕಾಯುತ್ತಿರುತ್ತಾನೆ. ಬೇಡವಾದ ಸರ್ಚ್ ಒಂದನ್ನು ಮುಂದೆ ಬಿಟ್ಟು, ನಿಮ್ಮ ಆಶ್ ಹೋದ ಮೇಲೆ ನಿಜವಾದ ಕಾರ್ಡ್ ತೆಗೆಯುತ್ತಾನೆ. ಆ ಡೆಕ್ ಯಾವ ಒಂದು ಹೆಜ್ಜೆ ತಪ್ಪಿದರೆ ಅಲ್ಲಿಗೇ ನಿಲ್ಲುತ್ತದೆ ಅಂತ ನೀವೇ ಅದನ್ನು ಒಂದಷ್ಟು ಆಡಿ ನೋಡದೆ ಗೊತ್ತಾಗುವುದಿಲ್ಲ. ನಿಬಿರು ಅನ್ನುವ ಹ್ಯಾಂಡ್ ಟ್ರ್ಯಾಪ್‌ಗೆ ಈ ತಲೆನೋವು ಕಡಿಮೆ. ಐದು ಸಮನ್ ಆದ ಮೇಲೆ ಇಡೀ ಮಾನ್ಸ್ಟರ್ ಸಾಲನ್ನೇ ಬಲಿ ತೆಗೆದುಕೊಳ್ಳುತ್ತದೆ. ಆದರೆ ಡೆಕ್ ನಾಲ್ಕೇ ಸಮನ್‌ನಲ್ಲಿ ಒಂದು ನೆಗೇಟ್ (ನಿಮ್ಮ ಕಾರ್ಡನ್ನು ರದ್ದು ಮಾಡುವ ಕಾರ್ಡ್) ನಿಲ್ಲಿಸಿಕೊಂಡರೆ ನಿಬಿರು ಕೈಯಲ್ಲೇ ಉಳಿಯುತ್ತದೆ.

ಬೋರ್ಡ್ ಬ್ರೇಕರ್‌ಗಳಲ್ಲಿ ಡಾರ್ಕ್ ರೂಲರ್ ನೋ ಮೋರ್ ಎದುರಾಳಿಯ ಮಾನ್ಸ್ಟರ್‌ಗಳ ಎಫೆಕ್ಟ್ ಎಲ್ಲವನ್ನೂ ರದ್ದು ಮಾಡುತ್ತದೆ, ಅದಕ್ಕೆ ಮಾನ್ಸ್ಟರ್ ಎಫೆಕ್ಟ್‌ನಿಂದ ಉತ್ತರ ಕೊಡುವ ಹಾಗಿಲ್ಲ. ಬದಲಿಗೆ ಆ ಟರ್ನ್ ಅವನಿಗೆ ಡ್ಯಾಮೇಜ್ ಆಗುವುದಿಲ್ಲ. ಇವನ್ಲಿ ಮ್ಯಾಚ್ಡ್ ಬೋರ್ಡನ್ನು ನಿಮ್ಮ ಕಾರ್ಡ್‌ಗಳ ಎಣಿಕೆಗೆ ಇಳಿಸುತ್ತದೆ, ಆದರೆ ಬ್ಯಾಟಲ್ ಫೇಸ್ ಕೊನೆಗೆ ಮಾತ್ರ. ಅಂದರೆ ಎರಡೂ ಆ ಟರ್ನ್ ಗೆಲ್ಲಿಸುವುದಿಲ್ಲ. ಮತ್ತೆ ಅದೇ ಪ್ರಶ್ನೆ: ಮುಂದಿನ ಟರ್ನ್ ನಿಮ್ಮ ಬಳಿ ಏನಿರುತ್ತದೆ? ಡಾರ್ಕ್ ರೂಲರ್ ಬಿಟ್ಟು ಅವನ ಬೋರ್ಡ್ ಒಡೆದು, ನಿಮ್ಮದೂ ಒಂದು ಬೋರ್ಡ್ ಕಟ್ಟಿ ಟರ್ನ್ ಬಿಡಬಲ್ಲ ಡೆಕ್‌ಗೆ ಅದು ಸರಿ.

ಬ್ರೇಕರ್‌ಗಳನ್ನು ಸೈಡ್ ಡೆಕ್‌ನಿಂದ ಯಾವಾಗ ತರುವುದು ಅನ್ನುವುದಕ್ಕೆ ಒಂದು ಸುಲಭ ಸೂತ್ರವಿದೆ. ಹಿಂದಿನ ಆಟ ಸೋತವರು ಯಾರು ಮೊದಲು ಅಂತ ಆರಿಸುತ್ತಾರೆ. ನೀವು ಗೆದ್ದಿದ್ದರೆ ಅವನು ಮೊದಲು ಆಡುವುದು ಹೆಚ್ಚು ಕಡಿಮೆ ಖಚಿತ, ಬ್ರೇಕರ್ ತನ್ನಿ. ನೀವು ಸೋತಿದ್ದರೆ ನೀವೇ ಮೊದಲು, ಬ್ರೇಕರ್ ತೆಗೆದು ಫ್ಲಡ್‌ಗೇಟ್ ಹಾಕಿ. ಹ್ಯಾಂಡ್ ಟ್ರ್ಯಾಪ್ ಎರಡೂ ಕಡೆ ನಡೆಯುತ್ತದೆ, ಅದಕ್ಕೇ ಮೇನ್ ಡೆಕ್ ಜಾಗ ಅದಕ್ಕೆ ಸಲ್ಲುವುದು.

2022ರಲ್ಲಿ ಗ್ರೇವ್‌ಯಾರ್ಡ್ ಬಳಸುವ ಟಿಯರ್‌ಲಮೆಂಟ್ಸ್ ಡೆಕ್ ಆಳುತ್ತಿದ್ದಾಗ ಡೈಮೆನ್ಷನ್ ಶಿಫ್ಟರ್ ಇದೇ ಗ್ರೇವ್‌ಯಾರ್ಡ್ ಬೀಗದ ಕೆಲಸ ಮಾಡುತ್ತಿತ್ತು. ಆದರೆ ಅದಕ್ಕೆ ನಿಮ್ಮ ಗ್ರೇವ್‌ಯಾರ್ಡ್ ಖಾಲಿ ಇರಬೇಕು, ಮುಂದಿನ ಟರ್ನ್ ಮುಗಿಯುವ ತನಕ ನಿಮ್ಮ ಕಾರ್ಡ್‌ಗಳೂ ಬ್ಯಾನಿಶ್ ಆಗುತ್ತವೆ (ಮ್ಯಾಜಿಕ್‌ನ ಎಕ್ಸೈಲ್ ಇದ್ದ ಹಾಗೆ). ಗ್ರೇವ್‌ಯಾರ್ಡ್ ಬೇಡದ ಡೆಕ್ ಇರುವವರಿಗೆ ಅದು ವರ, ಉಳಿದವರಿಗೆ ತಮ್ಮ ಕಾಲಿಗೇ ಕೊಡಲಿ.

ಪೋಕೆಮಾನ್: ಸೈಡ್‌ಬೋರ್ಡ್ ಇಲ್ಲದ ಕಡೆ

ಇಲ್ಲಿ 60 ಕಾರ್ಡೇ ಎಲ್ಲ. ಪಂದ್ಯ ಮೂರು ಆಟದ್ದಾದರೂ ಡೆಕ್ ಬದಲಾಗುವುದಿಲ್ಲ. ಹಾಗಾಗಿ ಪ್ರತಿ ಕೌಂಟರ್ ಕಾರ್ಡ್ ಎಲ್ಲ ಎದುರಾಳಿಗಳ ಎದುರೂ ಜಾಗ ತಿನ್ನುತ್ತದೆ. ಇದಕ್ಕೆ ಪರಿಹಾರವಾಗಿ ಈ ಆಟದಲ್ಲಿ ಹುಡುಕಿ ತೆಗೆಯುವ ಕಾರ್ಡ್‌ಗಳು ಧಾರಾಳ. ನೆಸ್ಟ್ ಬಾಲ್, ಅಲ್ಟ್ರಾ ಬಾಲ್ ಇರುವ ಡೆಕ್‌ನಲ್ಲಿ ಒಂದೇ ಪ್ರತಿಯ ಕೌಂಟರ್ ಕೂಡ ನಾಲ್ಕು ಪ್ರತಿಯಷ್ಟು ಸಲ ಕೈಗೆ ಬರುತ್ತದೆ. ಒಂದೇ ಕಂಟಕ ಪ್ರೈಸ್ ಕಾರ್ಡ್‌ಗಳದ್ದು (ಎದುರಾಳಿಯ ಪೋಕೆಮಾನ್ ಮಣಿಸಿದಾಗ ಎತ್ತಿಕೊಳ್ಳಲು ಪಕ್ಕಕ್ಕಿಡುವ ಕಾರ್ಡ್‌ಗಳು). ಆರು ಕಾರ್ಡ್ ಪಕ್ಕಕ್ಕೆ ಹೋಗುವುದರಿಂದ ಹತ್ತರಲ್ಲಿ ಒಂದು ಆಟದಲ್ಲಿ ನಿಮ್ಮ ಆ ಒಂಟಿ ಕಾರ್ಡ್ ಅಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಒಪ್ಪಿಕೊಂಡೇ ಆಡಬೇಕು.

ಎರಡು ಬಗೆಯ ಕೌಂಟರ್ ಹೋಲಿಸಿ ನೋಡಿ. 2023ರ ಆಬ್ಸಿಡಿಯನ್ ಫ್ಲೇಮ್ಸ್ ಸೆಟ್‌ನ ಚಾರಿಜಾರ್ಡ್ ಎಕ್ಸ್‌ಗೆ 330 ಎಚ್‌ಪಿ (ತಾಳುವ ಪೆಟ್ಟು), ವೀಕ್ನೆಸ್ ಗ್ರಾಸ್. ವೀಕ್ನೆಸ್ ಅಂದರೆ ಡ್ಯಾಮೇಜ್ ದುಪ್ಪಟ್ಟು, ಹಾಗಾಗಿ 165 ಹೊಡೆಯುವ ಗ್ರಾಸ್ ಪೋಕೆಮಾನ್ ಒಂದೇ ಏಟಿಗೆ ಮುಗಿಸುತ್ತದೆ. ಇನ್ನೊಂದು ಬಗೆ, ಎಕ್ಸ್ ಮತ್ತು ವಿ ಅನ್ನುವ ಬಲಶಾಲಿ ಬಗೆಯ ಪೋಕೆಮಾನ್‌ಗಳ ದಾಳಿಯಿಂದ ಡ್ಯಾಮೇಜೇ ಆಗದ ಮಿಮಿಕ್ಯೂ. ಗೋಡೆಯ ಹಾಗೆ ಮುಂದೆ ನಿಲ್ಲಿಸಬಹುದು. ನೋಡಲು ಎರಡನೆಯದು ಬಲವಾಗಿ ಕಾಣುತ್ತದೆ. ಆದರೆ ಎದುರಾಳಿ ಬಾಸಸ್ ಆರ್ಡರ್ಸ್ ಬಿಟ್ಟು ನಿಮ್ಮ ಬೆಂಚ್‌ನಿಂದ (ಹಿಂದಿನ ಸಾಲಿನಿಂದ) ಬೇರೆ ಪೋಕೆಮಾನನ್ನು ಮುಂದೆ ಎಳೆದರೆ ಗೋಡೆ ಪಕ್ಕಕ್ಕೆ ಸರಿಯಿತು. ಎಕ್ಸ್ ಅಲ್ಲದ ಅಟ್ಯಾಕರ್ ಒಂದಿದ್ದರೂ ಮುಗಿಯಿತು. ಗ್ರಾಸ್ ಅಟ್ಯಾಕರ್ ಹಾಗಲ್ಲ. ಅದು ತಡೆಯುತ್ತಾ ಕೂರುವುದಿಲ್ಲ, ಎರಡು ಪ್ರೈಸ್ ತೆಗೆದುಕೊಂಡೇ ಬರುತ್ತದೆ. ಗೋಡೆಗಿಂತ ವೀಕ್ನೆಸ್ ಹೊಡೆಯುವ ಅಟ್ಯಾಕರ್‌ಗೇ ನನ್ನ ವೋಟು.

ಅದೇ ಡೆಕ್ ಆಡಿದರೆ?

ಕೆಲವರಿಗೆ ಇದು ಮರ್ಯಾದೆಯ ಪ್ರಶ್ನೆ. ಇರಲಿ, ಆದರೆ ಲೆಕ್ಕ ಇದರ ಪರವಾಗಿಯೇ ಬಹಳ ಸಲ ಇರುತ್ತದೆ. ಮೇಲಿನ ಶೇ. 53.5 ಮರೆಯಬೇಡಿ. ಇದನ್ನು ಆರಿಸಿದರೆ ಸೈಡ್‌ಬೋರ್ಡ್‌ನ ದೊಡ್ಡ ಪಾಲು ಮಿರರ್‌ಗೆ (ಅದೇ ಡೆಕ್ ಎದುರಿನ ಪಂದ್ಯಕ್ಕೆ) ಮೀಸಲಿಡಿ. ಹೋಗಾಕ್ ಆಡುವವರೂ ಸೈಡ್‌ಬೋರ್ಡ್‌ನಲ್ಲಿ ಲೇಲೈನ್ ಇಟ್ಟುಕೊಳ್ಳುತ್ತಿದ್ದರು, ತಮ್ಮಂಥವರಿಗಾಗಿ. ಅದು ಎದುರಾಳಿಯ ಕಡೆಗೆ ಮಾತ್ರ ಅನ್ವಯವಾಗುವುದರಿಂದ ಅವರಿಗೆ ರೆಸ್ಟ್ ಇನ್ ಪೀಸ್‌ಗಿಂತ ಅದೇ ಹೊಂದುತ್ತಿತ್ತು. ತೊಂದರೆ ಒಂದೇ. ಎಲ್ಲರ ಬಾಣವೂ ನಿಮ್ಮ ಕಡೆಗೇ ಇರುತ್ತದೆ, ಮತ್ತು ಬ್ಯಾನ್ ಆದ ದಿನ ಡೆಕ್‌ನ ಜೊತೆ ನೀವು ಕಲಿತದ್ದೂ ಹೋಗುತ್ತದೆ.

ಬೇಟೆಗಾರರ ಬೇಟೆ

ನಾಲ್ಕನೇ ದಾರಿ ಕೇಳಲು ಬಹಳ ಚೆಂದ, ಆಡಿ ಗೆದ್ದವರು ಕಡಿಮೆ. ಎಲ್ಲರೂ ನಿಧಾನದ ಕೌಂಟರ್ ಡೆಕ್ ತಂದರೆ ಅವರನ್ನು ತಿನ್ನುವ ಮೂರನೇ ಡೆಕ್ ತರಬಹುದು ಅನ್ನುವುದು ವಾದ. ಆದರೆ ಅದು ಮೂಲ ಡೆಕ್ ಎದುರೂ ನಿಲ್ಲಬೇಕಲ್ಲ? ನಿಂತರೆ ಅದನ್ನೇ ಎಲ್ಲರೂ ಆಡುತ್ತಿದ್ದರು. ಈ ದಾರಿಯ ಒಂದು ಪುಟ್ಟ ರೂಪ ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ: ಮೆಟಾದ ಡೆಕ್ಕನ್ನೇ ಆಡಿ, ಅದರ ಕೌಂಟರ್‌ಗೆ ಕೌಂಟರ್ ಇಟ್ಟುಕೊಳ್ಳುವುದು. 2019ರ ಕೊನೆಯಲ್ಲಿ ಮ್ಯಾಜಿಕ್‌ನ ಓಕೋ ಅನ್ನುವ ಕಾರ್ಡ್ ಎದುರು ಜನ ನಾಕ್ಷಸ್ ಗ್ರಾಸ್ಪ್ ಅನ್ನುವ ಕಪ್ಪು ಕಾರ್ಡನ್ನು ಮೇನ್ ಡೆಕ್‌ನಲ್ಲಿ ಇಟ್ಟಾಗ ಓಕೋ ಆಡುವವರು ವೇಲ್ ಆಫ್ ಸಮರ್ ಇಟ್ಟರು. ಒಂದು ಮಾನಾಕ್ಕೆ ಆ ಕಪ್ಪು ಕಾರ್ಡ್ ವ್ಯರ್ಥ, ಮೇಲೊಂದು ಡ್ರಾ ಬೇರೆ. ಆ ನವೆಂಬರ್‌ನಲ್ಲಿ ಸ್ಟ್ಯಾಂಡರ್ಡ್ ಅನ್ನುವ ಆಟದ ಮಾದರಿಯಿಂದ ಓಕೋ ಜೊತೆಗೆ ವೇಲ್ ಆಫ್ ಸಮರ್ ಕೂಡ ಬ್ಯಾನ್ ಆಯಿತು.

ಆಡಿ ನೋಡುವಾಗ

ಆರಿಸಿದ ಮೇಲೆ ಪರೀಕ್ಷೆ. ಹತ್ತು ಆಟ ಆಡಿ ಏಳು ಗೆದ್ದೆವು ಅಂತ ಹಿಗ್ಗುವುದು ಬೇಡ. ಸರಿಸಮ ಇರುವ ಎರಡು ಡೆಕ್‌ಗಳ ನಡುವೆಯೂ ಹತ್ತರಲ್ಲಿ ಏಳು ಅಥವಾ ಜಾಸ್ತಿ ಗೆಲ್ಲುವುದು ಶೇ. 17 ಸಲ ಬರೀ ಅದೃಷ್ಟದಿಂದಲೇ ಆಗುತ್ತದೆ. ಎಣಿಕೆಗಿಂತ ಕಾರಣ ಬರೆದಿಡಿ. ಕೌಂಟರ್ ಕಾರ್ಡ್ ಬಂದೂ ಸೋತ ಆಟಗಳು ಎಷ್ಟು, ಬಾರದೆ ಸೋತ ಆಟಗಳು ಎಷ್ಟು? ಬಾರದೆ ಸೋಲುತ್ತಿದ್ದರೆ ಪ್ರತಿ ಹೆಚ್ಚಿಸಿ. ಬಂದೂ ಸೋಲುತ್ತಿದ್ದರೆ ಪ್ರತಿ ಹೆಚ್ಚಿಸಿ ಪ್ರಯೋಜನವಿಲ್ಲ. ಡೆಕ್ ನಿಧಾನ, ಅಥವಾ ತಪ್ಪು ಕಾರ್ಡ್ ಆರಿಸಿದ್ದೀರಿ.

ಜೊತೆಗಾರನಿಗೆ ಮೆಟಾದ ಡೆಕ್ ಕೊಟ್ಟು, ಅವನ ಸೈಡ್‌ಬೋರ್ಡನ್ನೂ ಪೂರ್ತಿ ಕಟ್ಟಿಸಿ. ಸೈಡ್‌ಬೋರ್ಡ್ ಇರುವ ಆಟಗಳಲ್ಲಿ ಹೆಚ್ಚಿನ ಪರೀಕ್ಷೆ ಬದಲಾವಣೆ ಆದ ಮೇಲಿನ ಆಟಗಳದ್ದೇ ಇರಲಿ. ಪಂದ್ಯದ ಮೂರರಲ್ಲಿ ಎರಡು ಆಟ ಅಂಥವೇ ತಾನೇ? ಅರ್ಧ ಆಟಗಳಲ್ಲಿ ನೀವು ಎರಡನೆಯವರಾಗಿ ಆಡಿ. ಮೊದಲು ಆಡಿದಾಗ ರೆಸ್ಟ್ ಇನ್ ಪೀಸ್ ಸಾಕಾಗುತ್ತದೆ ಅನ್ನಿಸಿದ್ದು ಎರಡನೆಯದಾಗಿ ಆಡಿದಾಗ ಸಾಲದು ಅಂತ ಕಾಣಬಹುದು.

ಕೊನೆಗೆ, ಐದಾರು ಮುಖ್ಯ ಎದುರಾಳಿಗಳಿಗೆ ಯಾವ ಕಾರ್ಡ್ ಒಳಗೆ, ಯಾವುದು ಹೊರಗೆ, ಮೊದಲು ಆಡಿದರೆ ಹೇಗೆ, ಆಮೇಲೆ ಆಡಿದರೆ ಹೇಗೆ ಅಂತ ಒಂದು ಚೀಟಿ ಬರೆದುಕೊಳ್ಳಿ. ಮ್ಯಾಜಿಕ್‌ನಲ್ಲಿ ಎರಡು ಆಟಗಳ ನಡುವೆ ಅಂಥ ಚೀಟಿ ನೋಡಲು ನಿಯಮದಲ್ಲೇ ಅವಕಾಶವಿದೆ. ಬೇರೆ ಆಟವಾದರೆ ನಿಯಮ ನೋಡಿಕೊಂಡು, ಅಗತ್ಯವಿದ್ದರೆ ಬಾಯಿಪಾಠ ಮಾಡಿ. ಒಳಗೆ ಹೊರಗೆ ಎರಡರ ಎಣಿಕೆಯೂ ಸರಿಯಾಗಿ ಕೂಡುತ್ತದೆಯೇ ಅಂತ ಹಿಂದಿನ ರಾತ್ರಿಯೇ ನೋಡಿಬಿಡಿ.